ಎಡಕ್ಕೆ ಕೂತ ಅಜ್ಜಿ

ಕುದೇರಿನ ನಮ್ಮ ನೆಂಟರ ಮನೆಗಳಲ್ಲಿ ಈಗ ಓಡಾಡುತ್ತಿರುವ ಕಥೆ ಹೀಗಿದೆ: ಕೆರೆಗೆ ನೀರು ತುಂಬಿಸುವ ಪೈಪು ನಮ್ಮ ಹೊಲದ ಅಂಚಿನಲ್ಲಿ ಹಾದುಹೋಗುತ್ತದೆಂದು ತಾತ ಅಜ್ಜಿಯ ಸಮಾಧಿಗಳನ್ನು ಒಳಗೆ ಸರಿಸಬೇಕಾಯಿತು. ಯಾವುದು ಯಾರದು ಅಂತ ಗೊಂದಲವಾಯಿತು. ಆಗ ಮೆಡಿಕಲ್ ಕಾಲೇಜಿನಲ್ಲಿರುವ ಮೊಮ್ಮಗಳು ಬಂದು, ಅದೇನೋ ಸ್ಕೇಲು ಹಿಡಿದು ಮೂಳೆ ಅಳೆದು, ಇದು ಗಂಡಸು ಇದು ಹೆಂಗಸು ಅಂತ ಎರಡೇ ನಿಮಿಷದಲ್ಲಿ ಹೇಳಿಬಿಟ್ಟಳು. ಮೊನ್ನೆ ಒಂದು ಬೀಗರೂಟದಲ್ಲಿ ಕೇಳಿಸಿಕೊಂಡಾಗ ಎರಡು ನಿಮಿಷ ಒಂದಾಗಿತ್ತು. ಇನ್ನೆರಡು ಮದುವೆ ಕಳೆದರೆ ನಾನು ಮೂಳೆಯನ್ನು ಮುಟ್ಟದೆಯೇ ಹೇಳಿರುತ್ತೇನೆ.

ಆ ಮೊಮ್ಮಗಳು ನಾನೇ ಆದ್ದರಿಂದ ಆಕ್ಷೇಪ ಎತ್ತುವ ಹಕ್ಕು ನನಗಿದೆ. ಮೂಳೆ ಹಾಗೆ ಹೇಳಲಿಲ್ಲ. ನಾನೂ ಹಾಗೆ ಹೇಳಲಿಲ್ಲ.

ಹೈಸ್ಕೂಲಿನಿಂದ ಕಾಲೇಜು ಮುಗಿಯುವವರೆಗೆ ಚರ್ಚಾಸ್ಪರ್ಧೆಗಳಲ್ಲಿ ಮಾತಾಡಿ ಬೆಳೆದವಳು ನಾನು. ಚೀಟಿ ಎತ್ತಿದರೆ ಪರ ಬರುತ್ತದೋ ವಿರೋಧ ಬರುತ್ತದೋ ಗೊತ್ತಿಲ್ಲ, ಬಂದದ್ದನ್ನು ಗೆಲ್ಲಬೇಕು. ಹಾಗಾಗಿ ಯಾವ ಮಾತು ಕೇಳಿದರೂ ಅದರ ಇನ್ನೊಂದು ಮಗ್ಗುಲು ಎಲ್ಲಿದೆ ಎಂದು ಕೈ ತಡಕುತ್ತದೆ. ಮನೆಯಲ್ಲಿ ಇದಕ್ಕೆ ಅಧಿಕಪ್ರಸಂಗ ಎಂದು ಹೆಸರು. ನಾನು ಬಾಯಿ ತೆರೆದರೆ ಅಪ್ಪ, "ಇವತ್ತು ಪರವೋ ವಿರೋಧವೋ, ಮೊದ್ಲೇ ಯೋಳ್ಬುಡು. ಊಟ ಮುಗಿಸ್ಕೊಂಡು ಕೂತ್ಕತೀನಿ," ಅನ್ನುತ್ತಾರೆ.

ಈಗ ಒಂದು ಮೆಡಿಕಲ್ ಕಾಲೇಜಿನ ಅಂಗರಚನಾ ವಿಭಾಗದಲ್ಲಿ ಪಾಠ ಹೇಳುತ್ತೇನೆ. ದಿನವಿಡೀ ಮೂಳೆಗಳ ನಡುವೆ ಕೆಲಸ. ಬರಿ ಮೂಳೆ ಸಿಕ್ಕಾಗ ಅದು ಗಂಡಿನದೋ ಹೆಣ್ಣಿನದೋ ಎಂದು ಅಂದಾಜು ಮಾಡುವುದು ಹೇಗೆ ಎಂಬ ಪಾಠವನ್ನು ಮೊದಲ ಸಲ ಕೇಳಿದಾಗ ನನ್ನ ಗುರುಗಳ ಜೊತೆ ಆದ ಮಾತು ಇನ್ನೂ ನೆನಪಿದೆ. ಅವರು ಪೆಟ್ಟಿಗೆಯಿಂದ ಒಂದು ತೊಡೆಮೂಳೆ ತೆಗೆದು ಇದು ಗಂಡಿನದು ಎಂದರು.

"ಹೇಗೆ ಗೊತ್ತಾಯ್ತು ಸರ್?"

"ಅಳತೆಯಿಂದಮ್ಮ. ಇದರ ತಲೆ ನೋಡು, ದಪ್ಪ."

"ಇಷ್ಟು ದಪ್ಪ ಇದ್ರೆ ಗಂಡು ಅಂತ ಹೇಗೆ ಗೊತ್ತಾಯ್ತು?"

"ಗಂಡಸರ ಮೂಳೆಗಳನ್ನ ಅಳೆದಿದ್ದರಿಂದ."

"ಅವು ಗಂಡಸರದ್ದೇ ಅಂತ?"

ಅವರು ಮೂಳೆಯನ್ನು ಪೆಟ್ಟಿಗೆಯಲ್ಲಿ ಇಟ್ಟು, ಕನ್ನಡಕ ತೆಗೆದು ಒರೆಸಿಕೊಂಡು, "ಟೀ ಕುಡಿದು ಬರೋಣ ನಡಿ," ಎಂದರು. ಟೀ ಕುಡಿಯುತ್ತಾ ಹೇಳಿದ್ದು ಮಾತ್ರ ತೂಕದ ಮಾತು. ಬದುಕಿದ್ದಾಗಿನ ದಾಖಲೆ ಇರುವ ಮೂಳೆಗಳನ್ನು ಅಳೆದೇ ಕೋಷ್ಟಕ ಮಾಡಬೇಕು. ಒಂದು ಸೀಮೆಯ ಜನರ ಕೋಷ್ಟಕ ಇನ್ನೊಂದು ಸೀಮೆಯವರಿಗೆ ಸರಿಹೋಗುವುದಿಲ್ಲ. ಸೊಂಟದ ಮೂಳೆ ಸಿಕ್ಕರೆ ಧೈರ್ಯವಾಗಿ ಮಾತಾಡಬಹುದು, ಹೆರಿಗೆಗೆ ತಕ್ಕಂತೆ ಹೆಣ್ಣಿನ ಸೊಂಟದ ಆಕಾರವೇ ಬೇರೆ. ತೊಡೆಮೂಳೆಯೊಂದೇ ಸಿಕ್ಕರೆ ಬಾಯಿ ಹಿಡಿತದಲ್ಲಿರಬೇಕು. ಗಂಡಸರ ಮೂಳೆ ದೊಡ್ಡದು ಎಂಬುದು ಗುಂಪಿನ ಮಾತು. ಒಬ್ಬ ಗಂಡಸು, ಒಬ್ಬ ಹೆಂಗಸನ್ನು ಎದುರುಬದುರು ನಿಲ್ಲಿಸಿದರೆ ಆ ಮಾತು ಸುಳ್ಳಾಗಬಹುದು. ಎರಡು ಗುಂಪುಗಳೂ ಒಂದರ ಮೇಲೊಂದು ಹಾಯುವ ಜಾಗವೊಂದಿದೆ, ಅಲ್ಲಿ ಬಿದ್ದ ಮೂಳೆ ಯಾರದ್ದೂ ಆಗಿರಬಹುದು.

ಇಷ್ಟೆಲ್ಲ ಗೊತ್ತಿದ್ದೂ ಸಮಾಧಿ ಸರಿಸುವ ದಿನ ನಾನು ವಿಭಾಗದ ಕ್ಯಾಲಿಪರನ್ನು ಚೀಲದಲ್ಲಿ ಹಾಕಿಕೊಂಡು ಊರಿಗೆ ಹೋದೆ. ಕ್ಯಾಲಿಪರ್ ಎಂದರೆ ಎರಡು ದವಡೆಗಳ ನಡುವೆ ಮೂಳೆಯನ್ನು ಹಿಡಿದು ದಪ್ಪ ನೋಡುವ ಉಕ್ಕಿನ ಅಳತೆಪಟ್ಟಿ. ಯಾರೂ ಕೇಳಿರಲಿಲ್ಲ. ಸ್ವಲ್ಪ ಜಂಬ, ಅಷ್ಟೇ.

ಅತ್ತೆ, ಅಂದರೆ ಅಪ್ಪನ ಅಕ್ಕ, ಹಂಗಳದಿಂದ ಮೊದಲ ಬಸ್ಸು ಹಿಡಿದು, ಗುಂಡ್ಲುಪೇಟೆಯಲ್ಲಿ ಇಳಿದು, ಚಾಮರಾಜನಗರದಲ್ಲಿ ಇನ್ನೊಂದು ಹತ್ತಿ ನನಗಿಂತ ಮುಂಚೆಯೇ ಬಂದು ಹೊಲದ ಬದುವಿನ ಮೇಲೆ ಕೂತಿದ್ದಳು. ಮಡಿಲಲ್ಲಿ ಹೊಸ ಬಿಳಿ ಪಂಚೆ, ಕವರಿನ ತುಂಬ ಅವಳ ಹೊಲದ ಚೆಂಡುಹೂ. ನನ್ನನ್ನು ಕಂಡದ್ದೇ ಶುರು ಮಾಡಿದಳು.

"ಬಾ ಕಣಮ್ಮಿ. ನಿಮ್ಮಪ್ಪಂಗೆ ಯೋಳಿವ್ನಿ, ನೀನೂ ಕೇಳ್ಕೊ. ಅವ್ವನ್ನ ನಾನೇ ಎತ್ಕೊಂಡೋಗೋದು. ಇನ್ಯಾರೂ ಕೈ ಆಕ್ಕೂಡ್ದು."

"ನಿನ್ನ ಮಂಡಿನೋವಿಗೆ ಐವತ್ತು ಹೆಜ್ಜೆ ಎತ್ತಿಕೊಂಡು ನಡೀತೀಯಾ ಅತ್ತೆ?"

"ತೆವಳ್ಕೊಂಡೋಯ್ತೀನಿ, ನಿಂಗೇನು?"

ಈ ಹಟಕ್ಕೆ ಕಾರಣವಿತ್ತು. ಅಜ್ಜಿ ತೀರಿಕೊಂಡಾಗ ಹಂಗಳಕ್ಕೆ ಸುದ್ದಿ ಮುಟ್ಟಿದ್ದು ತಡವಾಗಿ. ಅತ್ತೆ ಬಂದು ಇಳಿಯುವಷ್ಟರಲ್ಲಿ ಮಣ್ಣು ಮುಚ್ಚಿ, ಜನ ಕೈಕಾಲು ತೊಳೆಯುತ್ತಿದ್ದರು. ಅವ್ವನ ಮುಖ ನೋಡಲಿಲ್ಲ, ಮುಟ್ಟಲಿಲ್ಲ. ಇಪ್ಪತ್ತೆರಡು ವರ್ಷದಿಂದ ಆ ಕೊರಗನ್ನು ಅವಳು ಬಿಟ್ಟಿಲ್ಲ. ಪ್ರತಿ ವರ್ಷ ಪಿತೃಪಕ್ಷದ ಅಮಾವಾಸ್ಯೆಗೆ ಬಂದು ಅಜ್ಜಿಯ ಕಲ್ಲಿನ ಮುಂದೆ ಎಡೆ ಇಟ್ಟು, ಹೂವು ಹಾಕಿ, ಅರ್ಧ ದಿನ ಅಲ್ಲೇ ಕೂತು ಹೋಗುತ್ತಾಳೆ.

ಪಕ್ಕದ ಕಲ್ಲು ತಾತನದು. ಅದರ ಕಡೆಗೆ ಒಂದು ಎಸಳು ಹೂವೂ ಇಲ್ಲ. ಮದುವೆಯಾದ ಎರಡನೇ ವರ್ಷ ಅತ್ತೆ ಗಂಡನ ಕೈಲಿ ಹೊಡೆತ ತಿಂದು, ಬೆನ್ನಿನ ಬಾಸುಂಡೆ ತೋರಿಸಲು ತವರಿಗೆ ಬಂದಿದ್ದಳು. ತಾತ ಹೊಸಿಲು ದಾಟಲು ಬಿಡಲಿಲ್ಲ. ಬಂದ ಬಸ್ಸೇ ತಿರುಗಿ ಬರುವವರೆಗೆ ರಸ್ತೆಯಲ್ಲಿ ಜೊತೆಗೆ ನಿಂತು, ಹತ್ತಿಸಿ, ಕಂಡಕ್ಟರಿಗೆ ಇವಳನ್ನು ನಡುವೆ ಎಲ್ಲೂ ಇಳಿಸಬೇಡ ಎಂದು ಹೇಳಿ ಕಳಿಸಿದರು. ಅಜ್ಜಿ ಹಿಂದಿನಿಂದ ಓಡಿಬಂದು ಕಿಟಕಿಯೊಳಗೆ ಕೈ ಹಾಕಿ ಮಗಳ ಕೆನ್ನೆ ಸವರಿದಳಂತೆ. ಅತ್ತೆ ಇದನ್ನು ಹೇಳುವಾಗ ಇವತ್ತಿಗೂ ಎಡಗೆನ್ನೆಯನ್ನೇ ಮುಟ್ಟಿ ತೋರಿಸುತ್ತಾಳೆ. ತಾತ ಅಜ್ಜಿಗಿಂತ ಮೂರು ವರ್ಷ ಮೊದಲೇ ತೀರಿಕೊಂಡಾಗ ಅವಳು ಬಂದಿದ್ದಳು. ಹುಣಸೆಮರದ ಕೆಳಗೆ ದೂರ ನಿಂತಿದ್ದು ಹೋದಳು.

ಅಯ್ಯನವರು ಬಂದರು. ಅಜ್ಜಿಯನ್ನು ಮಣ್ಣು ಮಾಡಿದಾಗ ಇದ್ದದ್ದು ಅವರ ತಂದೆ; ಈಗ ಊರಿನಲ್ಲಿ ಹುಟ್ಟು ಸಾವು ಮದುವೆ ಮೂರಕ್ಕೂ ಇವರೇ. ವಿಭೂತಿ ಬುಟ್ಟಿ ಇಳಿಸಿ, ಎರಡೂ ಕಲ್ಲುಗಳನ್ನು ನೋಡಿ, ಸುತ್ತ ಒಮ್ಮೆ ತಿರುಗಿ ಹುಬ್ಬು ಗಂಟಿಕ್ಕಿದರು.

"ಇದ್ಯಾಕಪ್ಪ, ಅಮ್ಮಾರ ಕಲ್ಲು ಮೂಡ್ಲ ಕಡೆಗದೆ?"

"ಮೂಡ್ಲಲ್ದೆ ಇನ್ನೆಲ್ಲಿರ್ಬೇಕು?" ಎಂದಳು ಅತ್ತೆ.

"ಗಂಡನ ಎಡಕ್ಕೆ ಎಂಡ್ತಿ ಕಣವ್ವ. ಹಸೆಮಣೆ ಮ್ಯಾಲೆ ಎಂಗೋ ಮಣ್ಣಲ್ಲೂ ಅಂಗೇ. ಬಡಗ್ಲಿಗೆ ಮಕ ಮಾಡಿ ಕುಂಡ್ರುಸ್ತೀವಿ. ಅಲ್ಲಿಗೆ ಎಡ ಯಾವ್ದಾಯ್ತು? ಪಡುವ್ಲು."

ಹೊರಗಿನವರಿಗೆ ಇದು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ, ಕೂರಿಸುತ್ತಾರೆ. ಕುಳಿಯೊಳಗೆ ಚಕ್ಕಳಮಕ್ಕಳ ಹಾಕಿಸಿ, ಉತ್ತರಕ್ಕೆ ಮುಖ ಮಾಡಿಸಿ, ಎಡ ಅಂಗೈಯಲ್ಲಿ ಅವರ ಇಷ್ಟಲಿಂಗವನ್ನಿಟ್ಟು, ವಿಭೂತಿ ತುಂಬಿ ಮಣ್ಣು ಮುಚ್ಚುತ್ತಾರೆ. ಮಲಗಿದವರಿಗೆ ತಲೆ ಯಾವ ಕಡೆ, ಕಾಲು ಯಾವ ಕಡೆ ಎಂಬುದು ಲೆಕ್ಕ. ಕೂತವರಿಗೆ ಮುಖವಿದೆ. ಆದ್ದರಿಂದ ಅವರದೇ ಎಡವಿದೆ, ಬಲವಿದೆ.

ಅಮ್ಮ ಮೊದಲು ಬಾಯಿಬಿಟ್ಟಳು. ಅಜ್ಜಿ ಹೋದ ಬೇಸಿಗೆಯಲ್ಲೇ ಅರಿಶಿನಕ್ಕೆ ಡ್ರಿಪ್ ಹಾಕಿಸಲೆಂದು ಟ್ರ್ಯಾಕ್ಟರಿನಲ್ಲಿ ಹೊಲ ಸಮ ಮಾಡಿಸಿದ್ದರು, ಮಣ್ಣಿನ ಎರಡು ದಿಬ್ಬಗಳೂ ಹೋಗಿದ್ದವು. ಆಮೇಲೆ ಅಪ್ಪ ಕಲ್ಲು ತಂದು ನೆಟ್ಟರು.

"ಗೋಡೆ ಮ್ಯಾಲಿರೋ ಮದ್ವೆ ಪಟ ನೆಪ್ಪಿಟ್ಕೊಂಡು ನೆಟ್ಟಿರ್ತೀರ," ಎಂದಳು ಅಪ್ಪನಿಗೆ. "ಪಟದಲ್ಲಿ ನಿಮ್ಮವ್ವ ನಮ್ಮ ಬಲಕ್ಕೆ ಕಾಣ್ತಾರಲ್ಲ. ರಸ್ತೆ ಕಡೆಯಿಂದ ನಿಂತು ನೋಡಿದ್ರೆ ಮೂಡ್ಲೇ ಬಲ."

ನಾನು ರಸ್ತೆಗೆ ಬೆನ್ನು ಮಾಡಿ ನಿಂತು ನೋಡಿದೆ. ನಿಜ. ಪಟದಲ್ಲಿರುವವರು ನಮ್ಮನ್ನು ನೋಡುತ್ತಾರೆ. ಮಣ್ಣಿನಲ್ಲಿರುವವರು ರಸ್ತೆಗೆ ಬೆನ್ನು ಕೊಟ್ಟು ಕೂತಿದ್ದಾರೆ. ಎಡಬಲ ತಿರುಗಿಬಿಟ್ಟಿತ್ತು.

"ಏನಪ್ಪ?" ಎಂದರು ಅಯ್ಯನವರು.

ಅಂದು ಅಜ್ಜಿಯ ಕುಳಿಗಿಳಿದ ನಾಲ್ವರಲ್ಲಿ ಉಳಿದಿರುವುದು ಅಪ್ಪ ಒಬ್ಬರೇ. ಅವರು ಪಿಕಾಸಿಯ ಕಾವನ್ನು ನೆಲಕ್ಕೆ ಕುಟ್ಟುತ್ತಾ, "ನಂಗೆ ಗ್ಯಾಪ್ಕ ಇಲ್ಲ ಬುದ್ಧಿ," ಎಂದರು.

ಅತ್ತೆಯ ಮುಖ ನೋಡಬೇಕಿತ್ತು. "ಏನ್ ಮಾತಂತ ಆಡೀರಿ ಎಲ್ರೂವ? ನಾನೇ ಮಣ್ಣ ಮ್ಯಾಲೆ ಬಿದ್ದು ಅತ್ತಿವ್ನಿ!"

"ಅತ್ತಿದ್ದು ಯಾವ ಕಡೆ ಅಂತ ನೆನಪಿದೆಯಾ ಅತ್ತೆ?" ಎಂದೆ.

"ದಿಕ್ಕು ನೋಡ್ಕೊಂಡು ಅಳ್ತಾರೇನೆ, ಮೂದೇವಿ?"

ಎಲ್ಲರೂ ನನ್ನ ಕಡೆ ತಿರುಗಿದ್ದು ಆಗ. ಯಾರೋ "ಡಾಕ್ಟ್ರಮ್ಮ ಇಲ್ಲೇ ಅವ್ಳಲ್ಲ, ಅವ್ಳು ನೋಡ್ಬುಟ್ಟು ಯೋಳ್ತಾಳೆ," ಎಂದರು. ಚೀಲದಲ್ಲಿ ಕ್ಯಾಲಿಪರ್ ಇತ್ತು. "ಹೂಂ, ಹೇಳ್ತೀನಿ," ಎಂದುಬಿಟ್ಟೆ. ಅತ್ತೆ ಪಂಚೆಯನ್ನು ಎರಡು ತುಂಡಾಗಿ ಹರಿದು ನನ್ನ ಕೈಗೆ ಕೊಟ್ಟಳು. "ಸರಿಯಾಗಿ ನೋಡು ಕಣಮ್ಮಿ. ಆ ಮನ್ಸನ್ನ ಮಾತ್ರ ನನ್ ಕೈಲಿ ಎತ್ತುಸ್ಬ್ಯಾಡ."

ಜೆಸಿಬಿ ಬೇಡ ಎಂದು ಕೈಯಲ್ಲೇ ಅಗೆದರು. ಎದೆಮಟ್ಟಕ್ಕೆ ಹೋದಮೇಲೆ ನಾನು ಇಳಿದು ಬ್ರಷ್ಷಿನಲ್ಲಿ ಮಣ್ಣು ಸರಿಸಿದೆ. ಮೊದಲು ಮೂಡಣದ್ದು, ಆಮೇಲೆ ಪಡುವಣದ್ದು. ಎರಡರಲ್ಲೂ ಒಂದೊಂದು ಇಷ್ಟಲಿಂಗ ಸಿಕ್ಕಿತು. ಬೇರೆ ಕಡೆಯಾದರೆ ಜೊತೆಯಲ್ಲಿಟ್ಟ ವಸ್ತುವೇ ಸಾಕ್ಷಿಯಾಗುತ್ತಿತ್ತೇನೋ. ನಮ್ಮಲ್ಲಿ ಗಂಡಸೂ ಕಟ್ಟುತ್ತಾನೆ, ಹೆಂಗಸೂ ಕಟ್ಟುತ್ತಾಳೆ. ಅಜ್ಜಿ ಗಂಡ ಸತ್ತ ಮೇಲೆ ಹೋದವಳು, ಬಳೆಯ ಚೂರೂ ಇರಲಿಲ್ಲ.

ಸೊಂಟದ ಮೂಳೆಗೆ ಕೈಹಾಕಿದೆ. ನನ್ನ ಜಂಬ ಇಳಿದದ್ದು ಅಲ್ಲಿ. ಕೂರಿಸಿದ ದೇಹದಲ್ಲಿ ಎಲ್ಲದರ ಭಾರವೂ ಸೊಂಟದ ಮೇಲೆ. ಬೆನ್ನೆಲುಬು ಕುಸಿಯುವುದು ಅದರ ಮೇಲೆ, ತಲೆ ಉರುಳುವುದು ಅದರ ಮೇಲೆ, ಮಣ್ಣು ಒತ್ತುವುದೂ ಅದರ ಮೇಲೆ. ಎರಡು ಕುಳಿಗಳಲ್ಲೂ ಯಾವ ಮೂಳೆಯಿಂದ ಧೈರ್ಯವಾಗಿ ಹೇಳಬಹುದಿತ್ತೋ ಅದೇ ಹುಡಿಯಾಗಿತ್ತು. ತಲೆಬುರುಡೆಗಳು ಹಳೆಯ ಮಡಕೆಯ ಹಾಗೆ ಒಡೆದಿದ್ದವು. ಎರಡರಲ್ಲೂ ಅಳೆಯುವಷ್ಟು ಗಟ್ಟಿಯಾಗಿ ಉಳಿದದ್ದು ಬಲ ತೊಡೆಮೂಳೆಯ ತಲೆ, ಸೊಂಟದ ಗುಳಿಯಲ್ಲಿ ತಿರುಗುವ ಆ ಗುಂಡು, ಅದೊಂದೇ.

ಮೂರು ಮೂರು ಸಲ ಅಳೆದೆ. ಮೂಡಣದ್ದು ಒಂದು ಮಿಲಿಮೀಟರಿನಷ್ಟು ದೊಡ್ಡದು. ಒಂದೇ ಒಂದು. ಎರಡೂ ಆ ಯಾರದ್ದೂ ಆಗಬಹುದಾದ ಜಾಗದಲ್ಲಿ ಅಕ್ಕಪಕ್ಕ ಕೂತಿದ್ದವು, ಬದುಕಿದ್ದಾಗ ಜಗಲಿಯ ಮೇಲೆ ಕೂರುತ್ತಿದ್ದ ಹಾಗೆ.

ಮೇಲಿನಿಂದ ಅತ್ತೆ, "ಏನಂತದೆ?" ಎಂದಳು.

"ತಾತ ಹೇಗಿದ್ರು ಅತ್ತೆ, ಆಳು?"

"ಕಡ್ಡಿ. ಸಣ್ಕಲು ಕಡ್ಡಿ. ಬಾಯೊಂದು ದೊಡ್ಡದು."

"ಅಜ್ಜಿ?"

"ನಮ್ಮವ್ವನಾ! ಗೊಬ್ರದ ಮಕ್ರಿ ಒಬ್ಳೇ ಎತ್ತಿ ತಲೆ ಮ್ಯಾಲೆ ಇಟ್ಕೊಳೋಳು. ನಿಮ್ಮಪ್ಪನ್ನೂ ಎತ್ತಿ ಆ ಕಡೆ ಮಡಗೋಳು."

ಅಲ್ಲಿಗೆ ಆ ಒಂದು ಮಿಲಿಮೀಟರಿಗೂ ನೆಲೆ ಇಲ್ಲದಂತಾಯಿತು. ಜೀವನವಿಡೀ ಭಾರ ಹೊತ್ತ ದೊಡ್ಡಾಳು ಹೆಂಗಸು, ಸಣಕಲು ಗಂಡಸು. ದೊಡ್ಡ ಮೂಳೆ ಅಜ್ಜಿಯದೇ ಏಕಾಗಿರಬಾರದು? ವೇದಿಕೆಯ ಮೇಲಾಗಿದ್ದರೆ ಎರಡು ಕಡೆಯನ್ನೂ ನಾನೇ ವಾದಿಸಿ ಎರಡು ಸಲವೂ ಕಪ್ ತರುತ್ತಿದ್ದೆ. ಕುಳಿಯೊಳಗೆ ನಿಂತು, ಮೇಲೆ ಅತ್ತೆಯ ಒಡೆದ ಹಿಮ್ಮಡಿಗಳು ಕಾಣುತ್ತಿರುವಾಗ, ಆ ಜಾಣತನದಿಂದ ಮೂರು ಕಾಸಿನ ಉಪಯೋಗವಿರಲಿಲ್ಲ.

ಮೂಳೆಗಳು ಬಿದ್ದಿದ್ದ ರೀತಿ ನೋಡಿದೆ. ಎರಡು ಕುಳಿಗಳಲ್ಲೂ ಮಂಡಿ, ಕಣಕಾಲು, ಪಾದದ ಸಣ್ಣ ಮೂಳೆಗಳು ಎಲ್ಲವೂ ಸೊಂಟದಿಂದ ಉತ್ತರಕ್ಕಿದ್ದವು. ಅಂದರೆ ಅಯ್ಯನವರು ಹೇಳಿದ ಹಾಗೆ ಇಬ್ಬರೂ ಉತ್ತರಕ್ಕೇ ಮುಖ ಮಾಡಿದ್ದರು. ನನಗೆ ಗೊತ್ತಾದದ್ದು ಇಷ್ಟೇ: ಇವರು ಯಾರು ಎಂದಲ್ಲ, ಯಾವ ಕಡೆ ನೋಡುತ್ತಿದ್ದರು ಎಂದು. ಊರಿನ ಕಟ್ಟಳೆ ಅಂದು ತಪ್ಪಿರದಿದ್ದರೆ ಅಜ್ಜಿ ಪಡುವಣದಲ್ಲಿದ್ದಾಳೆ. ಅಳತೆ ಅದಕ್ಕೆ ಅಡ್ಡ ಬರುವುದಿಲ್ಲ. ಅದಕ್ಕಿಂತ ಹೆಚ್ಚಿನದನ್ನು ಅಳತೆಯ ಬಾಯಲ್ಲಿ ತುರುಕಲಾರೆ.

ಎರಡನ್ನೂ ಬೇರೆ ಬೇರೆ ಗಂಟು ಕಟ್ಟಿ ಮೇಲೆ ಕೊಟ್ಟು ಹತ್ತಿ ಬಂದೆ. ಅತ್ತೆ ಎರಡರ ನಡುವೆ ನಿಂತಿದ್ದಳು.

"ಯೋಳು."

"ಅತ್ತೆ, ನಂಗೆ ಖಂಡಿತ ಗೊತ್ತಿಲ್ಲ."

"ಇಷ್ಟು ವರ್ಸ ಓದಿದ್ದು ಯಾಕೆ ಮತ್ತೆ?"

"ಗೊತ್ತಿಲ್ಲದಿದ್ದಾಗ ಗೊತ್ತಿಲ್ಲ ಅಂತ ಹೇಳೋಕೆ."

ಜನ ನಕ್ಕರು. ಅವಳು ನಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ, ಹುಡಿಯಾದ ಸೊಂಟ, ಒಂದು ಮಿಲಿಮೀಟರು, ಉತ್ತರಕ್ಕಿದ್ದ ಮಂಡಿಗಳು. ಅವಳು ಮಧ್ಯದಲ್ಲಿ ಒಮ್ಮೆಯೂ ಬಾಯಿ ಹಾಕದೆ ಕೇಳಿದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ಮುಗಿದ ಮೇಲೆ ಹತ್ತಿರ ಬಂದು ಮೆಲ್ಲಗೆ ಕೇಳಿದಳು:

"ನಿಮ್ಮವ್ವ ಆಗಿದ್ರೆ ನೀನು ಯಾವ್ದ ಎತ್ಕೊತಿದ್ದೆ?"

ಯಾವ ತೀರ್ಪುಗಾರರೂ ನನ್ನನ್ನು ಹೀಗೆ ಮೂಲೆಗೆ ಒತ್ತಿರಲಿಲ್ಲ. ಅಮ್ಮ ಅಲ್ಲೇ ನಿಂತಿದ್ದಳು, ನನ್ನನ್ನೇ ನೋಡುತ್ತಾ.

"ಪಡುವಣದ್ದು," ಎಂದೆ.

ಅತ್ತೆ ಬಗ್ಗಿ ಪಡುವಣದ ಗಂಟನ್ನು ಎತ್ತಿಕೊಂಡಳು. ಎಳೆಮಗುವನ್ನು ಎತ್ತಿಕೊಳ್ಳುವ ಹಾಗೆ ತಲೆಯ ಕಡೆಗೆ ಮೊಣಕೈ ಕೊಟ್ಟು. ಮಂಡಿ ನೋವಿಗೆ ಒಂದು ಪಕ್ಕಕ್ಕೆ ವಾಲುತ್ತಾ ಅರಿಶಿನದ ಸಾಲುಗಳ ನಡುವೆ ನಡೆದಳು. ಎರಡು ಕಡೆ ನಿಂತಳು, ಯಾರನ್ನೂ ಹತ್ತಿರ ಬಿಟ್ಟುಕೊಳ್ಳಲಿಲ್ಲ. ಹೊಸ ಕುಳಿಯ ಅಂಚಿನಲ್ಲಿ ಕೂತು, ಇಳಿಸುವ ಮೊದಲು ಗಂಟಿನ ಮೇಲೆ ಎಡಗೆನ್ನೆಯನ್ನು ಒತ್ತಿ ಸ್ವಲ್ಪ ಹೊತ್ತು ಹಾಗೇ ಇದ್ದಳು. ಅಯ್ಯನವರು ಮಂತ್ರ ನಿಲ್ಲಿಸಿ ಕಾದರು.

ಅಪ್ಪ ಇನ್ನೊಂದು ಗಂಟನ್ನು ತಂದು ಬಲಕ್ಕೆ ಇಳಿಸುವಾಗ ಅತ್ತೆ ಅದನ್ನೇ ದಿಟ್ಟಿಸಿ ನೋಡಿದಳು.

"ಇಪ್ಪತ್ತೆರಡು ವರ್ಸ ನನ್ ಕೈನ ಒಬ್ಬಟ್ಟು ತಿಂದವ್ನೆ," ಎಂದಳು. "ಒಂದು ಕಿತ ಕನಸ್ನಲ್ಲಿ ಬಂದು, ಅವ್ವಲ್ಲ ಕಣವ್ವ, ನಾನು ಅಂತ ಅಂದಿದ್ರೆ ಏನೋಯ್ತಿತ್ತು? ಅವತ್ತು ಬಸ್ಸತ್ರನೂ ನನ್ ಕುಟೆ ಬಾಯಿ ಬಿಡ್ನಿಲ್ಲ."

ಮತ್ತೆ ಜನ ನಕ್ಕರು. ಅಪ್ಪ ನಗಲಿಲ್ಲ. ಬೆನ್ನು ತಿರುಗಿಸಿಕೊಂಡು ಮಣ್ಣು ಎಳೆಯತೊಡಗಿದರು. ಅತ್ತೆಯ ಕವರಿನಲ್ಲಿ ಇನ್ನೂ ಹೂವು ಉಳಿದಿತ್ತು. ಅದರಲ್ಲಿ ಒಂದನ್ನೂ ಆ ಕಡೆಗೆ ಹಾಕದೆ, ಒಂದನ್ನೂ ವಾಪಸ್ಸು ಒಯ್ಯದೆ, ಕವರನ್ನು ಅಮ್ಮನ ಕೈಗೆ ಕೊಟ್ಟಳು.

ಮೂರು ಗಂಟೆಯ ಹೊತ್ತಿಗೆ ಅಪ್ಪನೂ ನಾನೂ ಅವಳನ್ನು ಗುಂಡ್ಲುಪೇಟೆ ಬಸ್ಸು ಹತ್ತಿಸಲು ಚಾಮರಾಜನಗರಕ್ಕೆ ಕರೆದುಕೊಂಡು ಬಂದೆವು. ಅಪ್ಪ ನೀರಿನ ಬಾಟಲು ತರಲು ಹೋದರು. ಬಸ್ಸಿನ ಕಿಟಕಿಯ ಒಳಗಿನಿಂದ ಅತ್ತೆ, "ನಿಂಗೆ ಕ್ವಾಪ ಇಲ್ಲ ತಾನೇ, ಮೂದೇವಿ ಅಂದಿದ್ಕೆ?" ಎಂದಳು.

"ಇನ್ನೂ ಕೆಟ್ಟದ್ದು ಅಂದಿದ್ದೀಯ, ಬಿಡು. ನನ್ನ ಮೇಲೆ ನಿಂಗೆ ಕೋಪ ಇಲ್ವಾ? ನಾನು ಹೇಳಿದ್ದು ತಪ್ಪಾಗಿದ್ರೆ?"

"ತಪ್ಪಾಗಿದ್ರೆ ನಿನ್ ಮ್ಯಾಲಿರ್ತದೆ. ನಾನು ಅವ್ವ ಅಂತ್ಲೇ ಎತ್ತಿವ್ನಿ." ಆಮೇಲೆ ನೀರಿನ ಅಂಗಡಿಯ ಕಡೆ ನೋಡುತ್ತಾ, ಏನೋ ನೆನಪಾದವಳಂತೆ ಹೇಳಿದಳು. "ಪಾಪ, ಅವ್ನಿಗೆ ಇವತ್ತು ಭಾಳ ನೋವಾಗ್ಬುಟ್ಟದೆ. ಅಪ್ಪ ಅಂದ್ರೆ ಪ್ರಾಣ ಅವ್ನ್ಗೆ. ಅಪ್ಪ ಸತ್ತ ಮೊದ್ಲ ಮೂರು ವರ್ಸ ಅಮಾಸೆ ಅಮಾಸೆಗೂ ನನ್ ಕಾಲಿಡ್ದು ಬೇಡ್ಕೊಂಡವ್ನೆ, ಅಕ್ಕ ಒಂದು ಎಡೆ ಇಡು, ಒಂದೇ ಒಂದು ಹೂವ ಹಾಕು ಅಂತ. ನಾನು ಆಗಲ್ಲ ಅಂದೆ. ಅವ್ವ ಹೋದ್ಮೇಲೆ ಯಾಕೋ ಕೇಳೋದೇ ನಿಲ್ಲುಸ್ಬುಟ್ಟ."

ಬಸ್ಸು ಹೊರಟಿತು. ಅಪ್ಪ ಓಡಿಬಂದು ಬಾಟಲನ್ನು ಕಿಟಕಿಯೊಳಗೆ ಕೊಟ್ಟರು.

ಕುದೇರಿಗೆ ವಾಪಸ್ಸು ಬೈಕಿನಲ್ಲಿ ಅಪ್ಪನ ಹಿಂದೆ ಕೂತು ಬರುವಾಗ ಎಂದಿನ ಹಾಗೆ ತಲೆಯೊಳಗೆ ಸಾಕ್ಷಿಗಳನ್ನು ಜೋಡಿಸುತ್ತಿದ್ದೆ. ಅಜ್ಜಿಗೆ ಕುಳಿ ಎಲ್ಲಿ ಎಂದು ಗೆರೆ ಎಳೆದವರು ಅಪ್ಪ. ಒಳಗಿಳಿದು ಕೂರಿಸಿದವರಲ್ಲಿ ಒಬ್ಬರು ಅಪ್ಪ. ನಾಲ್ಕೇ ತಿಂಗಳ ಮೇಲೆ ಕಲ್ಲು ನೆಟ್ಟವರೂ ಅಪ್ಪ. ಬೆಳಿಗ್ಗೆ ಅಗೆಯುವಾಗ, ಅಂದು ವಿಭೂತಿ ಸಾಲದೆ ಇನ್ನೊಂದು ಬುಟ್ಟಿ ತರಲು ಯಾರನ್ನು ಓಡಿಸಿದ್ದರು, ಅವನ ಚಪ್ಪಲಿ ಎಲ್ಲಿ ಕಿತ್ತುಹೋಯಿತು ಎಂಬುದನ್ನು ಕೂಡ ಹೇಳಿದವರು, ದಿಕ್ಕು ಮಾತ್ರ ಗ್ಯಾಪ್ಕ ಇಲ್ಲ ಅಂದರು. ಪಟ ನೋಡಿಕೊಂಡು ನೆಟ್ಟರು ಎಂದದ್ದು ಅಮ್ಮ. ಅಪ್ಪ ಹೌದು ಅನ್ನಲೂ ಇಲ್ಲ, ಅಲ್ಲ ಅನ್ನಲೂ ಇಲ್ಲ. ಇದಕ್ಕೆ ಎದುರುವಾದವೂ ಇದೆ, ಅದನ್ನೂ ಬಲ್ಲೆ: ಹೆತ್ತವ್ವ ಸತ್ತ ದಿನ ಯಾರ ದಿಕ್ಕು ಯಾರಿಗೆ ನೆಟ್ಟಗಿರುತ್ತದೆ?

ಊರು ಹತ್ತಿರ ಬಂದಾಗ ಅವರು ಹೊಲದ ಮುಂದೆ ಗಾಡಿ ನಿಲ್ಲಿಸಿ, ಹೊಸ ಮಣ್ಣಿನ ಎರಡು ದಿಬ್ಬಗಳನ್ನು ನೋಡುತ್ತಾ ನಿಂತರು. ಕಲ್ಲು ಇನ್ನೂ ನೆಟ್ಟಿರಲಿಲ್ಲ. ನಾನು ಇಳಿದು ಅವರ ಪಕ್ಕಕ್ಕೆ ಹೋಗಿ ಕೇಳಿದೆ:

"ಅಪ್ಪ, ಅತ್ತೆ ಎಡೆ ಇಡ್ತಿದ್ದಿದ್ದು ಯಾರಿಗೆ ಅಂತ ನಿಮಗೆ ಮೊದಲಿನಿಂದಲೂ ಗೊತ್ತಿತ್ತಾ?"